ಸಿಡಿಲು ಬಡಿದ ಹಲಸು

ನಮ್ಮ ಹೊಸ ಮನೆಯ ಎದುರು ಬಾಗಿಲಲ್ಲಿ ಮರದ ಗಾಳಿಗಂಟೆ ಒಂದು ತೂಗುತ್ತದೆ. ಅದನ್ನು ಇಳಿಸಿ ಎಂದು ಬುದ್ಧಿ ಹೇಳಲು ಬಂದವರಿಗೆಲ್ಲ ಕುರ್ಚಿ ಕೊಟ್ಟಿದ್ದೇನೆ, ಚಾ ಕೊಟ್ಟಿದ್ದೇನೆ, ಮನೆಯಲ್ಲಿದ್ದರೆ ಚಕ್ಕುಲಿಯನ್ನೂ ಕೊಟ್ಟಿದ್ದೇನೆ. ಗಂಟೆ ಇಳಿಸಿಲ್ಲ. ಇಳಿಸುವುದೂ ಇಲ್ಲ. ಬಂದವರು ಚಾ ಕುಡಿದು, ಹೊರಗೆ ಹೋಗಿ ಅರ್ಧ ಕಥೆ ಹೇಳುತ್ತಾರೆ. ಪೂರ್ತಿ ಬೇಕಾದರೆ ನನ್ನ ಬಾಯಿಂದಲೇ ಕೇಳಿ. ನಾನು ವನಜ. ಹುಟ್ಟಿದ್ದು ಕಿರಿಮಂಜೇಶ್ವರ, ಮದುವೆಯಾಗಿ ಬಂದದ್ದು ಮರವಂತೆಗೆ. ಬಾಯಿ ಜೋರು ಎಂದು ಎರಡೂ ಊರಿನಲ್ಲಿ ಹೆಸರಿದೆ, ಅದನ್ನು ಸುಳ್ಳು ಮಾಡುವ ಆಸೆ ನನಗೆ ಯಾವತ್ತೂ ಬಂದಿಲ್ಲ.

ನಮ್ಮ ಮನೆಯಲ್ಲಿ ಹಿರಿಯಣ್ಣ ಭಾವನದ್ದೇ ಮಾತು. ಅವರು ನನ್ನ ಯಜಮಾನರಾದ ಮಧುಸೂದನರ ಅಣ್ಣ. ಅವರ ಹೆಂಡತಿ, ನನ್ನ ಅಕ್ಕನ ಹಾಗಿದ್ದವರು, ಮಗಳು ದೀಕ್ಷಾ ಇನ್ನೂ ಮೂರನೇ ಕ್ಲಾಸಿನಲ್ಲಿದ್ದಾಗ ತೀರಿಹೋದರು. ಅಲ್ಲಿಂದ ಆ ಮಗುವಿನ ತಲೆಗೆ ಎಣ್ಣೆ ಹಾಕಿದ್ದು, ಜಡೆ ಹೆಣೆದದ್ದು, ಹೋಂವರ್ಕ್ ಮಾಡದ್ದಕ್ಕೆ ಬೆನ್ನಿಗೆ ಒಂದು ಕೊಟ್ಟದ್ದು ಎಲ್ಲ ನಾನೇ. ನನ್ನ ಮಗಳು ಪ್ರೇಕ್ಷಾ ಅವಳಿಗಿಂತ ಚಿಕ್ಕವಳು. ಇಬ್ಬರಿಗೂ ಒಂದೇ ಬಾಚಣಿಗೆ, ಒಂದೇ ಬೈಗುಳ. ಒಬ್ಬಳಿಗೆ ನಾನು ಅಮ್ಮ, ಇನ್ನೊಬ್ಬಳಿಗೆ ಚಿಕ್ಕಿ. ದೀಕ್ಷಾ ನನ್ನ ಹೊಟ್ಟೆಯಲ್ಲಿ ಹುಟ್ಟಿಲ್ಲ ಎಂಬುದು ನನಗೆ ನೆನಪಾಗುವುದು ಯಾರಾದರೂ ನೆನಪಿಸಿದಾಗ ಮಾತ್ರ.

ಹಳೆ ಮನೆಯ ಹಿಂದೆ ಒಂದು ದೊಡ್ಡ ಹಲಸಿನ ಮರ ಇತ್ತು. ನಮ್ಮ ಬಟ್ಟೆ ಒಣಗುವ ಹಗ್ಗ ಒಂದು ಕಡೆ ಬಚ್ಚಲಿನ ಕಂಬಕ್ಕೆ, ಇನ್ನೊಂದು ಕಡೆ ಆ ಮರಕ್ಕೆ. ಪ್ರೇಕ್ಷಾ ಹುಟ್ಟಿದ ವರ್ಷ ಮಗುವಿನ ಬಟ್ಟೆ ಒಣಗಿಸಲೆಂದು ಮರಕ್ಕೆ ಮೊಳೆ ಹೊಡೆದದ್ದು ನಾನು. ನಮ್ಮಲ್ಲಿ ಎದುರಿಗೆ ಸಮುದ್ರ, ಹಿಂದೆ ಹೊಳೆ. ಕಬ್ಬಿಣದ ಮೊಳೆ ಒಂದು ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುತ್ತದೆ. ಅದಕ್ಕೆ ಕಡಲ ಬದಿಯಲ್ಲಿ ಹಳೆ ದೋಣಿ ಒಡೆಯುತ್ತಿದ್ದವರ ಹತ್ತಿರ ಬೇಡಿ ಒಂದು ತಾಮ್ರದ ಮೊಳೆ ತಂದೆ. ದೋಣಿಯ ಮೊಳೆ ಉರುಟಲ್ಲ, ಚೌಕ. ಬೆರಳುದ್ದ ಇರುತ್ತದೆ. ನಾನು ಅದನ್ನು ಹೊಡೆಯುವುದನ್ನು ಕಂಡು ಹಿರಿಯಣ್ಣ ಭಾವ ಜಗಲಿಯಿಂದ ಇಳಿದು ಬಂದು ಬೈದಿದ್ದರು.

"ಹಣ್ಣ್ ಕೊಡು ಮರಕ್ಕೆ ಮೊಳೆ ಹೊಡಿತ್ಯಾ ವನಜ? ಮರ ಅಂದ್ರೆ ಮನಿ ಮಗಳ್ ಇದ್ದಂಗೆ. ಕಾಣ್, ಹ್ಯಾಂಗೆ ಹಾಲ್ ಸೋರ್ತ್ ಅಂದ್."

ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ಭಾವ ಮರೆತರು, ನಾನು ಮರೆಯಲಿಲ್ಲ.

ಎರಡು ವರ್ಷದ ಹಿಂದೆ, ಮಳೆ ಹಿಡಿಯುವುದಕ್ಕೆ ಮೊದಲು, ಒಂದು ಸಂಜೆ ಕಡಲ ಮೇಲೆ ಮೋಡ ಕಟ್ಟಿತು. ದೀಕ್ಷಾ ಬಟ್ಟೆ ತೆಗೆಯಲು ಓಡಿದಳು. ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಸಿಡಿಲು ಆ ಹಲಸಿಗೇ ಬಡಿಯಿತು. ನಾನು ಅಡುಗೆಮನೆಯಿಂದ ಹೊರಗೆ ಬರುವಾಗ ಮರದ ತುದಿಯಿಂದ ಬುಡದವರೆಗೆ ಸಿಪ್ಪೆ ಸುಲಿದುಹೋಗಿತ್ತು, ಹುಡುಗಿ ಬಟ್ಟೆಯ ರಾಶಿ ತಬ್ಬಿಕೊಂಡೇ ಬಿದ್ದಿದ್ದಳು. ಆಟೋದಲ್ಲಿ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಂದಾಪುರದ ಆಸ್ಪತ್ರೆಗೆ ಹೋದ ದಾರಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಜೀವ ಉಳಿಯಿತು. ಬಲಗಿವಿ ಪೂರ್ತಿ ಹೋಯಿತು. ಎಡಗಿವಿಯಲ್ಲಿ ದಪ್ಪ ಸದ್ದು ಕೇಳುತ್ತದೆ, ತೆಳು ಸದ್ದು ಕೇಳುವುದಿಲ್ಲ. ನನ್ನ ಬೈಗುಳ ಕೇಳುತ್ತದೆ, ದೇವರ ಕೋಣೆಯ ಗಂಟೆ ಕೇಳುವುದಿಲ್ಲ.

ಮರ ಒಂದು ತಿಂಗಳೊಳಗೆ ಎಲೆ ಉದುರಿಸಿ ನಿಂತಲ್ಲೇ ಒಣಗಿತು. ಸಿಡಿಲು ಬಡಿದ ಮರವನ್ನು ಮನೆಯೊಳಗೆ ತರಬಾರದು ಎಂದು ನಮ್ಮ ಕಡೆ ಹೇಳುತ್ತಾರೆ. ಕಿಟಕಿಗೆ ಆಗದು, ಮಂಚಕ್ಕೆ ಆಗದು, ಬಚ್ಚಲ ಒಲೆಗೂ ಹಾಕಬಾರದು. ಇರಲಿ, ಮರದ ಮಾತು ಮರಕ್ಕೆ. ಆದರೆ ಆ ಮಾತು ಮೆಲ್ಲಗೆ ಹರಿದು ಹುಡುಗಿಯ ಕಾಲಬುಡಕ್ಕೆ ಬಂತು. ಪಕ್ಕದ ಮನೆಯ ಸೀಮಂತಕ್ಕೆ ಕರೆಯಲು ಬಂದವರು "ನೀವೆಲ್ಲ ಬನ್ನಿ" ಎಂದರು, ಹೊರಡುವಾಗ ನನ್ನೊಬ್ಬಳನ್ನೇ ಬದಿಗೆ ಕರೆದು, "ದೀಕ್ಷಾ ಬಪ್ಪುದ್ ಬೇಡ, ಬೇಜಾರ್ ಮಾಡ್ಕಣ್ಬೇಡಿ" ಎಂದರು. ನಾನು ಬೇಜಾರು ಮಾಡಿಕೊಳ್ಳಲಿಲ್ಲ, ಸಿಟ್ಟು ಮಾಡಿಕೊಂಡೆ. ಆ ಸೀಮಂತಕ್ಕೆ ನಮ್ಮ ಮನೆಯಿಂದ ಹೆಂಗಸರು ಯಾರೂ ಹೋಗಲಿಲ್ಲ.

ಪರರು ಅಂದದ್ದನ್ನು ಹೇಗೋ ನುಂಗಬಹುದು. ಭಾವನೂ ಅದನ್ನೇ ಹಿಡಿದರು. ಯಾರ ಮನೆಯ ಮದುವೆಗೂ ಮಗಳನ್ನು ಕರೆದುಕೊಂಡು ಹೋಗುವುದು ಬಿಟ್ಟರು. ಮನೆಗೆ ನೆಂಟರು ಬಂದರೆ, "ಹೆಣೆ ದೀಕ್ಷಾ, ನೀನ್ ಒಳಗಿರ್" ಅನ್ನುವರು. ಭಾವ ಕೆಟ್ಟವರಲ್ಲ, ಹೆದರುವವರು. ಹೆದರುವವರ ಕೈಯಲ್ಲಿ ಆಗುವಷ್ಟು ಅನ್ಯಾಯ ಕೆಟ್ಟವರ ಕೈಯಲ್ಲೂ ಆಗುವುದಿಲ್ಲ.

ಮರವನ್ನು ಅವರು ಭೋಜನಿಗೆ ಕೊಟ್ಟರು. ಭೋಜ ಅಂದರೆ ಮರದ ದಲ್ಲಾಳಿ, ಊರೂರು ಸುತ್ತಿ ಮರ ಹಿಡಿದು ಸಾಮಿಲ್ಲಿಗೆ ಸಾಗಿಸುವವನು. ಕಡಿಯುವ ದಿನ ಭಾವ ಮನೆಯೊಳಗೆ ಬಾಗಿಲು ಹಾಕಿ ಕುಳಿತರು. ಲಾರಿ ಹೋದ ಮೇಲೆ ಹೊರಗೆ ಬಂದು, ಬುಡದ ಸುತ್ತ ಗಂಜಳ ಚಿಮುಕಿಸಿದರು. ಬಚ್ಚಲ ಹಿಂದೆ ಬಿದ್ದಿದ್ದ ಒಂದು ಗೆಲ್ಲು ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಅದನ್ನು ಎಳೆದು ತೆಂಗಿನ ಸೋಗೆಯ ರಾಶಿಯ ಅಡಿಯಲ್ಲಿ ಇಟ್ಟೆ. ಯಾಕೆ ಇಟ್ಟೆ ಎಂದು ಕೇಳಿದರೆ ಆಗ ಉತ್ತರ ಇರಲಿಲ್ಲ. ಬೇಡ ಅಂದದ್ದನ್ನು ಮಾಡುವುದು ನನ್ನ ಹುಟ್ಟುಗುಣ, ಅಷ್ಟೇ.

ಅದಕ್ಕೆ ಕೆಲಸ ಬಂದದ್ದು ಹೀಗೆ. ಪ್ರೇಕ್ಷಾ ಆಗ ಬ್ರಹ್ಮಾವರದಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿ ಯಾವುದೋ ಅಂಗಡಿಯಿಂದ ಸ್ಟೀಲಿನ ಕೊಳವೆಗಳಿರುವ ವಿಂಡ್ ಚೈಮ್ ಒಂದನ್ನು ಅಕ್ಕನಿಗೆಂದು ತಂದು ಜಗಲಿಯಲ್ಲಿ ಕಟ್ಟಿದಳು. ಕಡಲ ಗಾಳಿಗೆ ಅದು ಕಿಣಿಕಿಣಿ ಎನ್ನುತ್ತಿತ್ತು. ದೀಕ್ಷಾ ಅದರ ಕೆಳಗೆ ನಿಂತು ತುಂಬ ಹೊತ್ತು ನೋಡಿದಳು.

"ಇದ್ ಈಗ ಸದ್ದ್ ಮಾಡ್ತ್ ಅಲ್ದಾ?" ಎಂದು ಕೇಳಿದಳು.

ಪ್ರೇಕ್ಷಾ ಒಳಗೆ ಹೋಗಿ ಅತ್ತಳು. ನನಗೆ ಅಳು ಬರುವುದಿಲ್ಲ, ಬಂದರೆ ಕೆಲಸದ ರೂಪದಲ್ಲಿ ಬರುತ್ತದೆ. ಕತ್ತಿ ತೆಗೆದುಕೊಂಡು ಸೋಗೆಯ ಅಡಿಯ ಗೆಲ್ಲನ್ನು ಹೊರಗೆಳೆದೆ. ಮದ್ದಳೆಗೂ ಚೆಂಡೆಗೂ ಹಲಸನ್ನೇ ಕೊರೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಹೊಡೆದರೆ ದಪ್ಪಗೆ ಮಾತಾಡುವ ಮರ ಅದು. ನಿಂತಲ್ಲೇ ಒಣಗಿದ್ದರಿಂದ ಒಳಗೆ ಒಂದು ಚೂರು ಹಸಿ ಇರಲಿಲ್ಲ, ಅರಶಿನದ ಕೊಂಬಿನ ಬಣ್ಣ ಇತ್ತು.

ಮೊದಲ ಸಲ ಮಾಡಿದ್ದು ಹಾಳಾಯಿತು. ಗೆಲ್ಲನ್ನು ಸೀಳಿ, ಒಂದಕ್ಕಿಂತ ಒಂದು ಗಿಡ್ಡ ಇರುವ ಹಾಗೆ ಪಟ್ಟಿ ಮಾಡಿ, ತುದಿಗೆ ತೂತು ಕೊರೆದು ತೂಗಿಸಿದೆ. ಅದು ಟಕ್ ಟಕ್ ಅಂದಿತು. ಕಟ್ಟಿಗೆ ಕಟ್ಟಿಗೆಗೆ ತಾಗಿದ ಸದ್ದು, ಅದಕ್ಕಿಂತ ಹೆಚ್ಚೇನಿಲ್ಲ. ನಾನು ಬೈದುಕೊಂಡು ಎಲ್ಲವನ್ನೂ ಅಂಗಳಕ್ಕೆ ಎಸೆದೆ. ದೀಕ್ಷಾ ಒಂದು ಪಟ್ಟಿಯನ್ನು ಹೆಕ್ಕಿ, ಎರಡು ಬೆರಳಲ್ಲಿ ಹಿಡಿದು, ಎಡಗಿವಿಯ ಹತ್ತಿರ ತಂದು ಬೆರಳ ಗಣ್ಣಿನಿಂದ ತಟ್ಟಿದಳು. ತುದಿಯಲ್ಲಿ ಹಿಡಿದಳು, ಸ್ವಲ್ಪ ಕೆಳಗೆ ಹಿಡಿದಳು, ಇನ್ನೂ ಸ್ವಲ್ಪ ಕೆಳಗೆ. ಒಮ್ಮೆಲೇ ಅವಳ ಮುಖ ಅರಳಿತು.

"ಚಿಕ್ಕಿ, ಇಲ್ಲ್ ಹಿಡ್ಕಣಿ. ಇಲ್ಲ್ ಹಿಡಿರೆ ಅದ್ ಉಸಿರ್ ಬಿಡ್ತ್."

ಹೌದು. ತುದಿಯಲ್ಲಿ ಹಿಡಿದರೆ ಮೂಗನ ಹಾಗಿದ್ದ ಮರ, ಉದ್ದದ ಕಾಲು ಪಾಲಿಗೆ ತುಸು ಮೇಲೆ ಹಿಡಿದು ತಟ್ಟಿದರೆ ಡೊಂ ಎಂದು ದುಂಡಗೆ ಹಾಡಿತು. ತೂತು ಕೊರೆಯಬೇಕಾದದ್ದು ಅಲ್ಲಿ. ಅಲ್ಲಿಂದ ನಮ್ಮ ಕೆಲಸ ಹೀಗೇ ನಡೆಯಿತು: ಕತ್ತಿ, ಉಳಿ, ಬೈರಿಗೆ ನನ್ನ ಕೈಯಲ್ಲಿ, ಕಿವಿ ಅವಳದು. ಅವಳು ಉಗುರಲ್ಲಿ ಗೆರೆ ಎಳೆದು ಕೊಟ್ಟಲ್ಲಿ ನಾನು ಕೊರೆಯುವುದು. ಸ್ವರ ಸಣ್ಣ ಬೇಕಾದರೆ ತುದಿ ತುಸು ಕತ್ತರಿಸುವುದು, ದಪ್ಪ ಬೇಕಾದರೆ ನಡುವೆ ಕೆತ್ತಿ ತೆಳು ಮಾಡುವುದು. ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ, ತೆಂಗಿನೆಣ್ಣೆ ಸವರಿ, ಗಾಳದ ನೈಲಾನ್ ದಾರದಲ್ಲಿ ಪೋಣಿಸಿದೆವು. ನಡುವೆ ಬಡಿಯಲು ತೆಂಗಿನ ಗೆರಟೆಯ ಬಿಲ್ಲೆ, ಅದರ ಕೆಳಗೆ ಗಾಳಿ ಹಿಡಿಯಲು ಅಡಿಕೆ ಹಾಳೆಯ ತುಂಡು. ಜಗಲಿಯ ಮಾಡಿನ ಅಂಚಿಗೆ ಕಟ್ಟಿ ಮುಗಿಸಿದಾಗ ಕಡಲಿನಿಂದ ಗಾಳಿ ಬಂತು. ದೀಕ್ಷಾ ಕಣ್ಣು ಮುಚ್ಚಿ ನಿಂತಳು.

"ಕೇಣ್ತ್ ಚಿಕ್ಕಿ," ಎಂದಳು. "ಪೂರ್ತಿ ಕೇಣ್ತ್."

ನನಗೆ ಅಳು ಬರುವುದಿಲ್ಲ ಎಂದು ಆಗ ಹೇಳಿದೆನಲ್ಲ, ಅದು ಅಷ್ಟು ನಿಜ ಅಲ್ಲ.

ಸಂಜೆ ಭಾವ ಬಂದು ನೋಡಿದವರೇ ಕೆಂಡವಾದರು. "ಆ ಕೊರಡನ್ನ ಮನಿ ಮಾಡಿಗೆ ಕಟ್ಟಿದ್ಯಾ? ಬಡ್ದದ್ದ್ ಸಾಕಾಯ್ಲಿಲ್ಯಾ?" ಎಂದರು. ಮನೆಯೊಳಗೆ ಬೇಡ ಎಂದಾದರೆ ಹೊರಗೆ ಇರಲಿ ಎಂದು ನಾನು ಅದನ್ನು ಬಾವಿಕಟ್ಟೆಯ ಬದಿಯ ಪೇರಳೆ ಮರಕ್ಕೆ ಕಟ್ಟಿದೆ. ಅಲ್ಲಿಂದ ಅದು ಇನ್ನೂ ಜೋರಾಗಿ ಕೇಳುತ್ತಿತ್ತು. ಆಮೇಲೆ ನಾವಿಬ್ಬರೂ ಬಿದಿರಿನಲ್ಲಿ, ಹೆಬ್ಬಲಸಿನಲ್ಲಿ ಎಷ್ಟೋ ಮಾಡಿದೆವು, ಬೈಂದೂರಿನ ಹೋಮ್‌ಸ್ಟೇಯವರು ಕೇಳಿ ಒಯ್ದರು. ಮೊದಲನೆಯದನ್ನು ಮಾತ್ರ ದೀಕ್ಷಾ ಯಾರಿಗೂ ಕೊಡಲಿಲ್ಲ.

ಅಷ್ಟರಲ್ಲಿ ಹೊಸ ಮನೆಯ ಕೆಲಸ ಶುರುವಾಗಿತ್ತು. ಹೆದ್ದಾರಿ ಅಗಲ ಮಾಡುವಾಗ ರಸ್ತೆ ಹಳೆ ಮನೆಯ ಜಗಲಿಯ ಬುಡಕ್ಕೇ ಬಂದಿತ್ತು, ಲಾರಿ ಹೋದರೆ ಒಳಗೆ ಮಲಗಿದವರ ಹಲ್ಲು ಅಲುಗಾಡುತ್ತಿತ್ತು. ಅದಕ್ಕೆ ಹೊಳೆ ಬದಿಯ ನಮ್ಮದೇ ಜಾಗದಲ್ಲಿ ಅಣ್ಣತಮ್ಮ ಸೇರಿ ಮನೆ ಎಬ್ಬಿಸಿದರು. ಎದುರು ಬಾಗಿಲಿನ ದಾರಂದಕ್ಕೆ, ಅಂದರೆ ಚೌಕಟ್ಟಿಗೆ, ಹೊಸ್ತಿಲಿಗೆ ಹಲಸೇ ಆಗಬೇಕು ಎಂದು ಭಾವನ ಹಟ. ಬೇರೆ ಯಾರನ್ನೂ ನಂಬದೆ ತಾವೇ ಕುಂದಾಪುರದ ಒಂದು ಸಾಮಿಲ್ಲಿಗೆ ಹೋದರು. ಇದ್ದಬದ್ದ ದಿಮ್ಮಿಗೆಲ್ಲ ತಟ್ಟಿ ನೋಡಿ, ಒಂದನ್ನು ಆರಿಸಿ, ಎದುರಿಗೇ ಕೊಯ್ಯಿಸಿ ತಂದರು. ಬಂದು ಊಟಕ್ಕೆ ಕುಳಿತವರು ಅದರ ಗುಣಗಾನ ನಿಲ್ಲಿಸಲೇ ಇಲ್ಲ.

"ಅಂಥ ಮರ ಈಗ ಸಿಕ್ಕುದಿಲ್ಲೆ. ತಟ್ಟಿರೆ ದೇವಸ್ಥಾನದ್ ನಗಾರಿ ಇದ್ದಂಗೆ. ದೈವಸಂಕಲ್ಪ ಅದ್."

ಆಚಾರಿ ದಾರಂದ ಕೂಡಿಸಿ ಗೋಡೆಗೆ ಒರಗಿಸಿಟ್ಟಿದ್ದ ದಿನ ನಾನು, ದೀಕ್ಷಾ ಕೆಲಸದವರಿಗೆ ಚಾ ತೆಗೆದುಕೊಂಡು ಹೋದೆವು. ಹುಡುಗಿಗೆ ಈಗ ಯಾವ ಮರ ಕಂಡರೂ ತಟ್ಟಿ ನೋಡುವ ಚಾಳಿ. ದಾರಂದಕ್ಕೆ ಎಡಗಿವಿ ಆನಿಸಿ ಗಣ್ಣಿನಿಂದ ತಟ್ಟಿದಳು. ಮತ್ತೆ ತಟ್ಟಿದಳು. ನನ್ನ ಕಡೆ ತಿರುಗಿದಾಗ ಅವಳ ಮುಖದ ಬಣ್ಣ ಹೋಗಿತ್ತು.

"ಚಿಕ್ಕಿ, ಇದ್ ನಮ್ದ್."

"ಎಂತ ನಮ್ದ್?"

"ನಮ್ ಮರ."

ನಿನಗೆ ಹುಚ್ಚು ಎಂದೆ. ಹಲಸಿಗೆಲ್ಲ ಹಲಸಿನದೇ ಸ್ವರ ಎಂದೆ. ಹಾಗೆನ್ನುತ್ತಲೇ ಕಣ್ಣು ಮರದ ಮೇಲೆ ಓಡಿತು. ಬಲಗಡೆಯ ಕಂಬದಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಹಳದಿ ಮರದ ನಡುವೆ ಹಸಿರು ಕಲೆ. ಕಲೆಯ ನಡುವೆ ಹೊಳೆಯುವ ಚೌಕ ಚುಕ್ಕಿ. ತಾಮ್ರ. ಕೊಯ್ಯುವ ಗರಗಸ ಅದನ್ನು ನುಣ್ಣಗೆ ಕತ್ತರಿಸಿಕೊಂಡು ಹೋಗಿತ್ತು. ಆಚಾರಿ ಅದು ಮರದ ಕಣ್ಣು ಎಂದುಕೊಂಡು ಪಾಲಿಶ್ ಹಾಕಿದ್ದ. ನನ್ನ ಕೈಯಾರೆ ಹೊಡೆದ ಮೊಳೆಯ ಗುರುತು ನನಗೆ ಸಿಗುವುದಿಲ್ಲವೇ?

ಅಲ್ಲೇ ನಿಂತು ಭೋಜನಿಗೆ ಫೋನು ಹಚ್ಚಿದೆ. "ಹ್ವಾಯ್ ಭೋಜಣ್ಣ, ನಮ್ ಹಲಸ್ ಯಾವ್ ಮಿಲ್ಲಿಗೆ ಕೊಟ್ರಿ?" ಎಂದು ಕೇಳಿದೆ. ಅವನು ಮೆಲ್ಲಗೆ ಬಾಯಿ ಬಿಟ್ಟ.

"ವನಜಕ್ಕ, ನಾನ್ ಎಂತ ಮಾಡ್ಲಿ? ಅವತ್ತ್ ನಾನ್ ಅಲ್ಲೇ ಇದ್ದಿದೆ. ನಿಮ್ ಭಾವ ಸೀದಾ ಹೋಯಿ ಆ ದಿಮ್ಮಿಗೇ ತಟ್ರ್. ಇದೇ ಬೇಕ್ ಅಂದ್ರ್. ಬೇರೆ ಕಾಣಿ ಅಂದೆ, ಕೇಣ್ಲೇ ಇಲ್ಲ. ಮೇಲಿಂದ ನಂಗೇ ಬೈದ್ರ್, ನಿಂಗ್ ಮರದ್ ಬಗ್ಗೆ ಎಂತ ಗೊತ್ತಿತ್ ಅಂದ್. ನೀವ್ ಹೇಳ್ಬೇಡಿ ಮಾರಾಯ್ರೆ, ನನ್ ಹೊಟ್ಟಿಪಾಡ್."

ಮಾರುವಾಗ ಮುಖ ತಿರುಗಿಸಿ ಕುಳಿತವರಿಗೆ ಕೊಳ್ಳುವಾಗ ಗುರುತು ಸಿಗುವುದು ಹೇಗೆ? ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅದೇ ಹಿತ್ತಲ ಮರ ಸಾಮಿಲ್ಲಿಗೆ ಹೋಗಿ ಬಂದರೆ ದೈವಸಂಕಲ್ಪ. ನಾನೂ ದೀಕ್ಷಾಳೂ ಮರಳಿನ ರಾಶಿಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಚಾರಿ ಇವರಿಗೆ ಏನಾಯಿತು ಎಂದು ನೋಡುತ್ತಿದ್ದ. ನಕ್ಕು ಮುಗಿದ ಮೇಲೆ ದೀಕ್ಷಾ ನನ್ನ ಕೈ ಹಿಡಿದಳು.

"ಅಪ್ಪಯ್ಯಂಗೆ ಹೇಳ್ಬೇಡಿ ಚಿಕ್ಕಿ. ಕಿತ್ತ್ ಬಿಸಾಡ್ತ್ರ್. ಹ್ಯಾಂಗೋ ಮನಿಗ್ ಬಂತಲೆ, ಅದಾದ್ರೂ ಇರ್ಲಿ."

ಅದಾದರೂ ಇರಲಿ. ಆ ಮಾತು ನನ್ನ ಎದೆಗೆ ಹೊಡೆಯಿತು. ತಾನಂತೂ ಲೆಕ್ಕಕ್ಕಿಲ್ಲ ಎಂದು ಹುಡುಗಿ ತೀರ್ಮಾನ ಮಾಡಿಯಾಗಿತ್ತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ದಾರಂದ ನಿಂತಿತು, ಭಾವ ಅದಕ್ಕೆ ಅರಶಿನ ಕುಂಕುಮ ಹಚ್ಚಿ ಕೈ ಮುಗಿದರು. ನಾನು ಬಾಯಿ ಬಿಡಲಿಲ್ಲ. ನನ್ನ ಜೀವನದಲ್ಲಿ ನಾನು ಅಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ಸಲ.

ಮನೆ ಒಕ್ಕಲಿನ ದಿನ ನಮ್ಮಲ್ಲಿ ಮನೆಯ ಹಿರಿ ಮಗಳು ಹೊತ್ತಿಸಿದ ದೀಪ ಹಿಡಿದು ಮೊದಲು ಹೊಸ್ತಿಲು ದಾಟಬೇಕು. ಅವಳ ಹಿಂದೆ ಉಳಿದವರು. ಆಮೇಲೆ ಹೋಮ. ಹೋಮಕ್ಕೆ ಗಂಡ ಹೆಂಡತಿ ಜೋಡಿಯಾಗಿ ಕೂರಬೇಕು, ಅಕ್ಕ ಇಲ್ಲದ್ದರಿಂದ ಭಾವ ಕೂರುವ ಹಾಗಿಲ್ಲ. ನಾನೂ ನನ್ನ ಯಜಮಾನರೂ ಕೂರುವುದೆಂದು ಮೊದಲೇ ತೀರ್ಮಾನವಾಗಿತ್ತು. ನಮ್ಮ ಮನೆಯ ಹಿರಿ ಮಗಳು ದೀಕ್ಷಾ. ಇದರಲ್ಲಿ ಮಾತಾಡಲು ಏನೂ ಇಲ್ಲ ಎಂದು ನಾನು ತಿಳಿದಿದ್ದೆ. ಅವಳಿಗೆಂದು ಹಸಿರು ರೇಷ್ಮೆ ಸೀರೆಗೆ ರವಿಕೆ ಹೊಲಿಸಿಯೂ ಇಟ್ಟಿದ್ದೆ.

ಹಿಂದಿನ ದಿನ ಮಧ್ಯಾಹ್ನ ಭಾವ ಎಲ್ಲರನ್ನೂ ಕೂರಿಸಿ ಹೇಳಿದರು. "ದೀಪ ಪ್ರೇಕ್ಷಾ ಹಿಡಿಲಿ. ದೀಕ್ಷಾ ಹಳೆ ಮನಿಯಲ್ಲೇ ಇರ್ಲಿ, ದನ ಕರು ಕಾಂಬುಕೆ ಯಾರಾರೂ ಬೇಕಲೆ. ಹೋಮ ಎಲ್ಲ ಮುಗ್ದ್ ಮೇಲೆ ಬರ್ಲಿ."

ನನಗೆ ಕಾಲಿನಿಂದ ತಲೆಯವರೆಗೆ ಉರಿ ಏರಿತು. "ದೀಕ್ಷಾ ದೀಪ ಹಿಡಿಯದಿದ್ರೆ ನಾನ್ ಹೋಮಕ್ಕೆ ಕೂರುದಿಲ್ಲೆ ಭಾವ," ಎಂದೆ.

"ಕೂರ್ಬೇಡ. ಸುಜನನೂ ಅವ್ನ್ ಹೆಂಡ್ತಿಯೂ ಕೂಕಂತ್ರ್. ನಿನ್ ಹಟಕ್ಕೆ ಮನಿ ಒಕ್ಲ್ ನಿಲ್ಸುಕ್ ಆತಿಲ್ಲೆ." ಸುಜನ ಅವರ ಚಿಕ್ಕಪ್ಪನ ಮಗ, ಕೋಟದಲ್ಲಿರುವವನು. ಅಂದರೆ ಮೊದಲೇ ಏರ್ಪಾಡು ಮಾಡಿಕೊಂಡೇ ಬಂದಿದ್ದರು. ನನ್ನ ಕೈಯಲ್ಲಿದ್ದ ಒಂದೇ ಕೋಲನ್ನೂ ಮುರಿದು ಹಾಕಿದರು.

ನನ್ನ ಯಜಮಾನರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. "ಒಂದ್ ದಿನದ್ ಮಾತಲ್ದಾ ವನಜ, ಹೊಂದ್ಕಂಬ," ಎಂದರು. ಅವತ್ತು ಅವರಿಗೆ ಚಾ ನಾನು ಮಾಡಿಕೊಡಲಿಲ್ಲ. ಪ್ರೇಕ್ಷಾ ಅಡುಗೆಮನೆಗೆ ಬಂದು ಕಾಲು ನೆಲಕ್ಕೆ ಅಪ್ಪಳಿಸಿದಳು.

"ನಾನ್ ದೀಪ ಮುಟ್ಟುದಿಲ್ಲೆ ಅಮ್ಮ. ಅಕ್ಕನ್ ಬಿಟ್ಟ್ ನಾನ್ ಹೋಪುದಾ?"

"ಮುಟ್ಟ್," ಎಂದೆ. "ಗಟ್ಟಿ ಹಿಡ್ಕೋ. ಹಿಡ್ದವ್ರಿಗೇ ಕೊಡುಕ್ ಆಪುದ್."

ಅವಳು ನನ್ನ ಮುಖ ನೋಡಿದಳು. ನನ್ನ ಮಗಳಲ್ಲವೇ, ಅರ್ಥವಾಯಿತು.

ಮನೆ ಒಕ್ಕಲಿನ ಬೆಳಿಗ್ಗೆ ಎಲ್ಲರೂ ಹೊಸ ಮನೆಗೆ ಹೋದ ಮೇಲೆ ನಾನು ಹಳೆ ಮನೆಗೆ ಹೋದೆ. ದೀಕ್ಷಾ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದಳು, ಮಾಸಿದ ಚೂಡಿದಾರ ಹಾಕಿಕೊಂಡು. ಕೈ ಹಿಡಿದು ಒಳಗೆ ಎಳೆದು ತಂದು ಹಸಿರು ಸೀರೆ ಉಡಿಸಿದೆ. ಬೇಡ ಚಿಕ್ಕಿ, ಗಲಾಟೆಯಾಗುತ್ತದೆ ಎಂದ ಹುಡುಗಿ ಮಲ್ಲಿಗೆ ಮುಡಿಸುವಾಗ ಅಳಲು ಶುರು ಮಾಡಿದಳು.

"ಗಲಾಟಿ ಆಗ್ಲಿ ಅಂದೇ ಕರ್ಕಂಡ್ ಹೋಪುದ್," ಎಂದೆ. ಬಾವಿಕಟ್ಟೆಯ ಹತ್ತಿರ ಹೋಗಿ ಪೇರಳೆ ಮರದಿಂದ ಗಾಳಿಗಂಟೆ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡೆ. ದಾರಿಯುದ್ದಕ್ಕೂ ಅದು ಚೀಲದೊಳಗೆ ಡೊಂಡೊಂ ಅನ್ನುತ್ತಿತ್ತು. ಹಾಗಾಗಿ ನಾವು ಬರುವುದು ಅಂಗಳದಲ್ಲಿದ್ದವರಿಗೆಲ್ಲ ಮೊದಲೇ ಗೊತ್ತಾಯಿತು.

ಹೊಸ್ತಿಲಿನ ಎದುರು ಪ್ರೇಕ್ಷಾ ದೀಪ ಹಿಡಿದು ನಿಂತಿದ್ದಳು. ಭಟ್ಟರು ಒಳಗಿನಿಂದ "ಬನ್ನಿ, ಬನ್ನಿ, ಮುಹೂರ್ತ ಆಯ್ತ್" ಎಂದು ಕರೆಯುತ್ತಿದ್ದರು. ನೆಂಟರು, ನೆರೆಹೊರೆಯವರು, ಆ ಸೀಮಂತದ ಮನೆಯವರೂ ಎಲ್ಲ ಸೇರಿದ್ದರು. ನಮ್ಮನ್ನು ಕಂಡು ಗುಂಪು ಎರಡಾಯಿತು. ಭಾವ ಅಡ್ಡ ಬಂದರು.

"ಅವ್ಳ್ ಹೊರಗೇ ಇರ್ಲಿ," ಎಂದರು. "ವನಜ, ಎಲ್ಲರ್ ಎದ್ರ್ ನನ್ ಮರ್ಯಾದಿ ತೆಗಿಬೇಡ. ಸಿಡಿಲ್ ಬಡ್ದದ್ದನ್ನ ಮೊದ್ಲ್ ಒಳ್ಗ್ ಮಾಡಿರೆ ಮನಿ ಉಳಿತಿಲ್ಲೆ. ನಾನ್ ಹೇಳುದಲ್ಲ, ಹಿರಿಯರ್ ಹೇಳದ್ದ್."

ಬಡಿದದ್ದು. ಬಡಿದವಳು ಎಂದು ಕೂಡ ಅನ್ನಲಿಲ್ಲ, ಸ್ವಂತ ಅಪ್ಪ. ನನ್ನ ನಾಲಿಗೆಯ ತುದಿಗೆ ಎಲ್ಲವೂ ಬಂದು ನಿಂತಿತ್ತು, ಆದರೆ ಮಾತು ಕೊಟ್ಟಿದ್ದೆ. ದೀಕ್ಷಾಳ ಮುಖ ನೋಡಿದೆ. ಅಪ್ಪನ ಮಾತು ಅವಳಿಗೆ ಕೇಳಿಸಿತ್ತು. ಹೇಳಿದೆನಲ್ಲ, ದಪ್ಪ ಸ್ವರ ಅವಳಿಗೆ ಕೇಳುತ್ತದೆ. ಅವಳು ಕಣ್ಣೊರೆಸಿಕೊಂಡು ತಲೆ ಎತ್ತಿದಳು.

"ಹೇಳಿ ಚಿಕ್ಕಿ," ಎಂದಳು.

ನಾನು ಹೇಳಿದೆ. ಅಂಗಳದ ಆಚೆ ಹೊಳೆಯಲ್ಲಿ ದೋಣಿಯಲ್ಲಿದ್ದವರಿಗೂ ಕೇಳುವ ಹಾಗೆ ಹೇಳಿದೆ.

"ಸಿಡಿಲ್ ಬಡ್ದದ್ದ್ ಒಳ್ಗ್ ಬಪ್ಪುಕಾಗ ಅಂದ್ರೆ ಮೊದ್ಲ್ ಈ ದಾರಂದ ಕೀಳ್ಸಿ ಭಾವ. ಆ ಹೊಸ್ತಿಲೂ ಕೀಳ್ಸಿ. ನೀವ್ ಭೋಜಂಗೆ ಕೊಟ್ಟ್ ಕಳ್ಸಿದ ಹಲಸೇ ಇದ್. ನೀವೇ ಹೋಯಿ, ನೀವೇ ತಟ್ಟಿ, ನೀವೇ ಆರ್ಸಿ ತಂದದ್ದ್. ನಂಬುದಿಲ್ಯಾ? ಬಲಗಡಿ ಕಂಬ ಕಾಣಿ. ನಾನ್ ಹೊಡ್ದ್ ಮೊಳೆ ಗುರ್ತ್ ಸಿಕ್ತಾ ಕಾಣಿ. ಹಾಲ್ ಸೋರ್ತ್ ಅಂದ್ ನೀವೇ ಬೈದಿದ್ರಿ, ಮರ ಅಂದ್ರೆ ಮನಿ ಮಗಳ್ ಇದ್ದಂಗೆ ಅಂದಿದ್ರಿ."

ಭಾವ ಬಲಗಡೆಯ ಕಂಬದ ಹತ್ತಿರ ಬಗ್ಗಿದರು. ಕುಂಕುಮ ಹಚ್ಚಿದ್ದರ ಕೆಳಗೆ ಆ ಚೌಕ ಚುಕ್ಕಿಯನ್ನು ಹೆಬ್ಬೆರಳಿನಿಂದ ಒರೆಸಿದರು, ಮತ್ತೆ ಒರೆಸಿದರು. ಗುಂಪಿನಲ್ಲಿದ್ದ ಭೋಜನನ್ನು ಹುಡುಕಿದರು. ಅವನು ಊಟಕ್ಕೆ ಹಾಕಿದ ಚಪ್ಪರದ ಕಂಬದ ಹಿಂದೆ ಹೋಗಿ ನಿಂತಿದ್ದ, ಅಷ್ಟೇ ಸಾಕಾಯಿತು. ಭಾವ ಕಂಬ ಹಿಡಿದುಕೊಂಡೇ ನೆಟ್ಟಗಾದರು. ಆಮೇಲೆ ಬಿಸಿ ತಾಗಿದವರ ಹಾಗೆ ಕೈ ತೆಗೆದರು.

ಸೀಮಂತದ ಮನೆಯ ಹೆಂಗಸು "ಅಯ್ಯೋ ದೇವ್ರೆ" ಎಂದು ಎರಡು ಹೆಜ್ಜೆ ಹಿಂದೆ ಹೋದಳು. ಸುಜನ ತನ್ನ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ಹೋಮಕ್ಕೆ ಕೂರುವ ಉತ್ಸಾಹ ಕಳೆದುಕೊಂಡದ್ದು ಮುಖದಲ್ಲೇ ಕಾಣುತ್ತಿತ್ತು. ಭಟ್ಟರು ಒಳಗಿನಿಂದ ಬಗ್ಗಿ ನೋಡಿ, "ಎಂತ ಮಾಡುದ್ ಹೇಳಿ, ಹೊತ್ತ್ ಮೀರ್ತ್" ಎಂದರು.

ಆಗ ನನ್ನ ಯಜಮಾನರು ಗಂಟಲು ಸರಿ ಮಾಡಿಕೊಂಡರು. "ಹೋಮಕ್ಕೆ ನಾನೂ ವನಜಳೂ ಕೂಕಂತೊ," ಎಂದರು. ಜೋರಾಗಿ ಏನೂ ಅಲ್ಲ, ಆದರೆ ಅಂದರು. ನಾಳೆಯಿಂದ ಚಾ ಕೊಡಬಹುದು ಎಂದುಕೊಂಡೆ.

ಪ್ರೇಕ್ಷಾ ಅಪ್ಪನನ್ನೂ ದೊಡ್ಡಪ್ಪನನ್ನೂ ನೋಡಲೇ ಇಲ್ಲ. ಸೀದಾ ನಡೆದು ಬಂದು ದೀಪವನ್ನು ಅಕ್ಕನ ಕೈಗೆ ಇಟ್ಟಳು. "ಹಿಡ್ಕೋ ಅಕ್ಕ, ನನ್ ಕೈ ಸೋತ್ ಹೋಯ್ತ್," ಎಂದಳು.

ದೀಕ್ಷಾ ದೀಪ ಹಿಡಿದಳು. ಎಲ್ಲರ ನಡುವೆ ನಡೆದು ಹೋಗಿ ಹೊಸ್ತಿಲಿನ ಎದುರು ಒಂದು ಕ್ಷಣ ನಿಂತಳು. ಗಾಳಿಗೆ ಕುಡಿ ಬಾಗಿದ್ದಕ್ಕೆ ಅಂಗೈ ಅಡ್ಡ ಹಿಡಿದಳು. ಬಲಗಾಲಿಟ್ಟು ಒಳಗೆ ಹೋದಳು. ಮನೆ ಬೀಳಲಿಲ್ಲ.

ಹಿಂದೆ ಯಾರೂ ಹೋಗಲಿಲ್ಲ. ಮೊದಲು ಹೋಗಬೇಕಾದವರು ಭಾವ, ಅವರು ಹೊರಗೇ ನಿಂತಿದ್ದರು. ಕಾಲು ಎತ್ತುವರು, ಹೊಸ್ತಿಲು ನೋಡುವರು, ಮತ್ತೆ ಇಳಿಸುವರು. ಅಷ್ಟು ವಯಸ್ಸಿನ ಮನುಷ್ಯ ತಾನೇ ಆರಿಸಿ ತಂದ ಮರಕ್ಕೆ ಹೆದರಿ ತನ್ನ ಮನೆಯ ಹೊರಗೆ ನಿಂತಿದ್ದರು. ನನಗೆ ಖುಷಿಯಾಗಬೇಕಿತ್ತು, ಸುಳ್ಳು ಯಾಕೆ, ಸ್ವಲ್ಪ ಆಯಿತು ಕೂಡ.

ದೀಕ್ಷಾ ಒಳಗೆ ದೀಪ ಇಡಲಿಲ್ಲ. ತಿರುಗಿ ನಿಂತು ಅಪ್ಪನನ್ನು ನೋಡಿದಳು. ಒಂದು ಕೈಯಲ್ಲಿ ದೀಪ ಹಿಡಿದುಕೊಂಡೇ ಹೊಸ್ತಿಲಿನವರೆಗೆ ವಾಪಸು ಬಂದು, ಇನ್ನೊಂದು ಕೈಯನ್ನು ಹೊರಗೆ ಚಾಚಿದಳು.

"ಬನ್ನಿ ಅಪ್ಪಯ್ಯ, ಹೆದ್ರ್ಕಣ್ಬೇಡಿ," ಎಂದಳು. "ಸಿಡಿಲ್ ಬಡ್ದದ್ದ್ ಯಾರಿಗೂ ಎಂತ ಮಾಡುದಿಲ್ಲೆ. ನಾನ್ ಎರಡ್ ವರ್ಷದಿಂದ ನಿಮ್ಮೊಟ್ಟಿಗೇ ಇದ್ದೆ ಅಲ್ದಾ?"

ಭಾವ ಮಗಳ ಕೈ ಹಿಡಿದುಕೊಂಡರು, ಹೊಸ್ತಿಲು ದಾಟಿದರು. ನಾನು ಚೀಲದಿಂದ ಗಂಟೆ ತೆಗೆದು ಆ ದಾರಂದಕ್ಕೇ ಕಟ್ಟಿದೆ.